ಆಕ್ಸಿರಿಂಕಸ್ ಪ್ರಹಸನದ 'ಕನ್ನಡ' ಕ್ರಿಯಾಪದಗಳು : ಒಂದು ಪಾಠವಿಮರ್ಶೆ

ಈಜಿಪ್ಟಿನ ಮರಳಿನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ವಾಕ್ಯಗಳಿವೆಯೆಂಬ ಅಭಿಪ್ರಾಯ ಹುಟ್ಟಿ ನೂರಿಪ್ಪತ್ತು ವರ್ಷಗಳು ಸಂದಿವೆ. ಶಾಲಾಪುಸ್ತಕಗಳಿಂದ ಹಿಡಿದು ರಾಜ್ಯೋತ್ಸವದ ಭಾಷಣಗಳವರೆಗೆ ಅದು ಸಿದ್ಧವಸ್ತುವಿನಂತೆ ಬಳಕೆಯಾಗುತ್ತಿದೆ. ಕೆಲಕಾಲದ ಹಿಂದೆ ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಹಿರಿಯ ಪಂಡಿತರೊಬ್ಬರು ಈ ವಿಷಯವನ್ನೆತ್ತಿ ನನ್ನನ್ನು ಕೇಳಿದ ಪ್ರಶ್ನೆ ಹೀಗಿತ್ತು: "ವಾಕ್ಯವೆಂದ ಮೇಲೆ ಕ್ರಿಯಾಪದವಿರಬೇಕಷ್ಟೆ. ಅಲ್ಲಿನ ಕ್ರಿಯಾಪದ ಯಾವುದು? ಕೇಶಿರಾಜನ ಯಾವ ಸೂತ್ರಕ್ಕೆ ಅದು ಒಳಗಾಗುತ್ತದೆ?" ನನಗೆ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪಾಠವನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು ನೋಡಿದಾಗ, ಈ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು ಎಂದು ತೋರಿತು. ಅದರ ಫಲವನ್ನು ವಿದ್ವಾಂಸರ ಅವಗಾಹನೆಗೆ ತರುತ್ತಿದ್ದೇನೆ.

ಮೊದಲು ವಸ್ತುಸ್ಥಿತಿ. ನೈಲ್ ನದಿಯ ಪಶ್ಚಿಮಕ್ಕಿರುವ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ೧೮೯೬-೯೭ರಿಂದ ಅಗೆತ ನಡೆಸಿ ಸಾವಿರಾರು ಪ್ಯಾಪಿರಸ್ ಹಾಳೆಗಳನ್ನು ಹೊರತೆಗೆದರು. ಮಲೆನಾಡಿನ ಮಳೆಗೂ ಗೆದ್ದಲಿಗೂ ಓಲೆಗರಿಗಳನ್ನು ಒಪ್ಪಿಸುತ್ತಿರುವ ನಮಗೆ ಆ ಒಣಮರಳಿನ ಭಾಗ್ಯ ಅಸೂಯೆ ಹುಟ್ಟಿಸುವಂತಹುದು. ಆ ಹಾಳೆಗಳಲ್ಲಿ ೪೧೩ನೆಯದನ್ನು ಅವರು ೧೯೦೩ರಲ್ಲಿ ಪ್ರಕಟಿಸಿದರು. ಲಿಪಿಯಿಂದ ಅದು ಕ್ರಿ.ಶ. ಎರಡನೆಯ ಶತಮಾನದ್ದು, ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಖಾರಿಟಿಯೋನ್ ಎಂಬ ಗ್ರೀಕ್ ಯುವತಿ ಹಿಂದೂ ಮಹಾಸಾಗರದ ಕರಾವಳಿಯ ದೇವಾಲಯವೊಂದರಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣನೂ ಸಂಗಡಿಗರೂ ಒಬ್ಬ ವಿದೂಷಕನೂ ಸೇರಿ ಅಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಮತ್ತೇರಿದಾಗ ಅವಳನ್ನು ಹಡಗಿಗೆ ಸಾಗಿಸುತ್ತಾರೆ. ರಾಜನೂ ಅವನ ಜನರೂ ಆಡುವ ಮಾತು ಬಹುಪಾಲು ಗ್ರೀಕ್ ಅಲ್ಲ. ಗ್ರೀಕ್ ಅಕ್ಷರಗಳಲ್ಲಿ ಬರೆದ ಯಾವುದೋ ಅನ್ಯಭಾಷೆ. ಅದು ಕನ್ನಡವೆಂದು ಮೊದಲು ಸೂಚಿಸಿದವರು ದಕ್ಷಿಣ ಭಾರತದ ಶಾಸನಗಳಲ್ಲಿ ನುರಿತ ಜರ್ಮನ್ ವಿದ್ವಾಂಸ ಹುಲ್ಟ್ಷ್. ಅವರ ಲೇಖನ ೧೯೦೪ರಲ್ಲಿ ಜರ್ಮನಿಯ 'ಹೆರ್ಮೆಸ್' ಪತ್ರಿಕೆಯಲ್ಲಿ ಬಂದಿತು. ೧೯೨೬ರಲ್ಲಿ ಬಾರ್ನೆಟ್ ಅವರು ಈಜಿಪ್ಟಿನ ಪುರಾತತ್ವಕ್ಕೆ ಮೀಸಲಾದ ಇಂಗ್ಲಿಷ್ ಪತ್ರಿಕೆಯಲ್ಲಿ ಇದನ್ನು ಸಂದೇಹಿಸಿದರು. ಅದೇ ಸುಮಾರಿಗೆ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಇದನ್ನು ಸಮರ್ಥಿಸಿದರು. ಮುಂದೆ ಸಾಲೆತ್ತೂರರೂ ಮಂಜೇಶ್ವರದ ಗೋವಿಂದ ಪೈಯವರೂ ಈ ಪ್ರಹಸನವನ್ನು ಕುರಿತು ಬರೆದರು. ಪಾಠದಲ್ಲಿ ಮಲ್ಪೆಯ ಹೆಸರನ್ನು ಕಂಡವರುಂಟು. ಭಾಷೆ ಕನ್ನಡವಲ್ಲ, ತುಳು ಎಂದವರೂ ಉಂಟು.

ಹುಲ್ಟ್ಷ್ ಅವರು ಓದಿದ ವಾಕ್ಯಗಳು ಮುಖ್ಯವಾಗಿ ಎರಡು. ಮೊದಲನೆಯದರ ತಾತ್ಪರ್ಯ, ಸ್ವಲ್ಪ ಮಧುವನ್ನು ಪಾತ್ರೆಗೆ ಬೇರೆಯಾಗಿ ಹಾಕಿ ಎಂಬುದು. ಎರಡನೆಯದರ ತಾತ್ಪರ್ಯ, ಪಾನಪಾತ್ರವನ್ನು ಬೇರೆಯಾಗಿ ಎತ್ತಿ ಮುಚ್ಚಿ ಮಧುವನ್ನು ಬೇರೆಯಾಗಿ ಎತ್ತುವೆನು ಎಂಬುದು. ಮಧು, ಪಾತ್ರ, ಪಾನ ಎಂಬ ಈ ವಾಕ್ಯಗಳ ನಾಮಪದಗಳೆಲ್ಲ ಸಂಸ್ಕೃತ. ಅವು ಕೊಂಕಣಿಯಲ್ಲಿಯೂ ಮರಾಠಿಯಲ್ಲಿಯೂ ಬರುತ್ತವೆ. ಯಾವ ಪ್ರಾಕೃತದಲ್ಲಿಯೂ ತಕ್ಕ ರೂಪದಲ್ಲಿ ಬರುತ್ತವೆ. ಆದುದರಿಂದ ಈ ಪಾಠವನ್ನು ಕನ್ನಡವನ್ನಾಗಿ ಮಾಡುವುದು ಹಾಕಿ, ಎತ್ತಿ, ಕಟ್ಟಿ, ಎತ್ತುವೆನು ಎಂಬ ನಾಲ್ಕು ಕ್ರಿಯಾರೂಪಗಳೂ, ಎರಡು ವಿಭಕ್ತಿಪ್ರತ್ಯಯಗಳೂ, 'ಬೇರೆ', 'ಕೊಂಚ' ಎಂಬ ಎರಡು ಪದಗಳೂ ಮಾತ್ರ. ಇವು ನಿಂತರೆ ಕನ್ನಡ ನಿಂತಿತು. ಇವು ಬಿದ್ದರೆ ಉಳಿಯುವುದು ಸಂಸ್ಕೃತದ ಮೂರು ಪದಗಳು.

ಆ ಮೂರು ಪದಗಳೂ ನಿರ್ದುಷ್ಟವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಜೈನ ವಾಚಕನಿಗೆ ಮಧುವೂ ಮದ್ಯವೂ ಒಂದಲ್ಲ. ಸಮಂತಭದ್ರರಲ್ಲಿಯೂ ಅಮೃತಚಂದ್ರರಲ್ಲಿಯೂ ಶ್ರಾವಕನು ತ್ಯಜಿಸಬೇಕಾದ ಮದ್ಯ, ಮಾಂಸ, ಮಧುಗಳು ಮೂರು ಬೇರೆ ಬೇರೆ ವಸ್ತುಗಳು. ಸಂಸ್ಕೃತ ಕಾವ್ಯದಲ್ಲಿ ಮಧುವಿಗೆ ಮದ್ಯವೆಂಬ ಅರ್ಥವುಂಟು, ನಿಜ. ಆದರೆ ಕರಾವಳಿಯ ಸೇವಕರೊಡನೆ ಮಾತಾಡುವ ದೊರೆಯ ಬಾಯಿಯಲ್ಲಿ 'ಕಳ್' ಎಂಬ ದೇಶ್ಯಪದವನ್ನು ಬಿಟ್ಟು ಕಾವ್ಯದ ಮಧುವನ್ನು ಏಕೆ ಇಡಬೇಕು? ಪಾಠ ಹಾಗೆ ಸ್ಪಷ್ಟವಾಗಿ ಹೇಳಿದ್ದರೆ ಒಪ್ಪಬಹುದಿತ್ತು. ಪಾಠದಲ್ಲಿರುವುದಾದರೂ 'ಮಧು' ಎಂದಲ್ಲ. ಮೊದಲನೆಯ ವಾಕ್ಯದಲ್ಲಿ ಆ ಸ್ಥಾನದಲ್ಲಿರುವುದು 'ದಮುನ್'. ಎರಡನೆಯದರಲ್ಲಿರುವುದು 'ಮನು'. ಒಂದು ಕಡೆ ಅಕ್ಷರಗಳನ್ನು ತಿರುಗಿಸಿ, ಇನ್ನೊಂದು ಕಡೆ ನಕಾರವನ್ನು ಧಕಾರವನ್ನಾಗಿ ಮಾಡಿ ಎರಡರಿಂದಲೂ ಮಧುವನ್ನೇ ಪಡೆಯಲಾಗಿದೆ. ಒಂದೇ ಕೈಬರಹದಲ್ಲಿ ಒಂದೇ ಪದ ಎರಡು ಸಾರಿ ಎರಡು ಬಗೆಯಾಗಿ ಕೆಟ್ಟು, ಎರಡೂ ಸಾರಿ ವ್ಯಾಖ್ಯಾನಕಾರನಿಗೆ ಬೇಕಾದ ಪದವೇ ಒಳಗಿತ್ತೆಂದು ನಂಬುವುದು ನಮ್ಮ ಓಲೆಗರಿಗಳ ಸಂಪಾದನೆಯಲ್ಲಿ ಯಾರೂ ಒಪ್ಪದ ಕ್ರಮ.

ಈಗ ಲಿಪಿಯ ಪ್ರಶ್ನೆ. ಪ್ರಾಚೀನ ಈಜಿಪ್ಟಿನ ಭಾಷೆಯ ಕಥೆ ಇಲ್ಲಿ ನೇರವಾಗಿ ಸಹಾಯಕ್ಕೆ ಬರುತ್ತದೆ. ಈ ಪ್ರಹಸನ ಬರೆಹಕ್ಕಿಳಿದ ಕಾಲದಲ್ಲಿಯೇ ಈಜಿಪ್ಟಿನವರು ತಮ್ಮ ಮಾತೃಭಾಷೆಯನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯುವ ಪ್ರಯೋಗಗಳನ್ನು ನಡೆಸುತ್ತಿದ್ದರು. ಅದೇ ಮುಂದೆ ಕಾಪ್ಟಿಕ್ ಎಂಬ ಹೆಸರಿನಿಂದ ನೆಲೆಗೊಂಡಿತು. ಗ್ರೀಕ್ ಅಕ್ಷರಗಳು ಅವರಿಗೆ ಸಾಲಲಿಲ್ಲ. ಶಕಾರ, ಹಕಾರ, ಚಕಾರ ಮೊದಲಾದ ಧ್ವನಿಗಳಿಗೆಂದು ತಮ್ಮ ಹಳೆಯ ಲಿಪಿಯಿಂದ ಆರೇಳು ಅಕ್ಷರಗಳನ್ನು ತಂದು ಸೇರಿಸಬೇಕಾಯಿತು. ತನ್ನದೇ ಭಾಷೆಯನ್ನು ಬರೆಯುವವನಿಗೆ ಇದು ಅನಿವಾರ್ಯವಾಗಿ ಕಂಡಿತು. ಪ್ರಹಸನದ ಲಿಪಿಕಾರನಿಗೆ ಆ ಅಕ್ಷರಗಳೂ ಇರಲಿಲ್ಲ, ಆ ಚಿಂತೆಯೂ ಇರಲಿಲ್ಲ. ಅವನ ಒಂದೇ ರೇಫೆ ನಮ್ಮ ರಕಾರವೂ ಆಗಬಹುದು, ಶಕಟರೇಫೆಯೂ ಆಗಬಹುದು. ಟವರ್ಗ, ಳಕಾರ, ೞಕಾರಗಳಿಗೆ ಅವನಲ್ಲಿ ಚಿಹ್ನೆಯಿಲ್ಲ. ವಕಾರದ ಸ್ಥಿತಿಯನ್ನು ಅದೇ ಶತಮಾನದ ಅಲೆಕ್ಸಾಂಡ್ರಿಯದ ಟಾಲೆಮಿಯ ಭೂಗೋಳಗ್ರಂಥದಿಂದ ತಿಳಿಯಬಹುದು. ವನವಾಸಿಯ ಹೆಸರು ಅಲ್ಲಿ 'ಬನಊಅಸೆಇ' ಎಂಬಂತೆ ಬರೆಯಲ್ಪಟ್ಟಿದೆ. ಮೊದಲ ಅಕ್ಷರಕ್ಕೆ ಗ್ರೀಕಿನ ಬೀಟಾ, ನಡುವಿನ ವಕಾರಕ್ಕೆ ಎರಡು ಸ್ವರಗಳ ಜೋಡಿ. ಹೀಗಿರುವಾಗ ಗ್ರೀಕ್ ಬರೆಹದಿಂದ ಕನ್ನಡದ ಬಕಾರವನ್ನೋ ವಕಾರವನ್ನೋ ನಿಶ್ಚಯಿಸಿ ಹೇಳುವುದು ಸಾಧ್ಯವಿಲ್ಲ.

ಇದರ ಪರಿಣಾಮ ಒಂದು ಪದದಲ್ಲಿ ಎಷ್ಟು ದೂರ ಹೋಗುತ್ತದೆಂಬುದನ್ನು ನೋಡಬೇಕು. ಹುಲ್ಟ್ಷ್ ಅವರ ಎರಡು ವಾಕ್ಯಗಳಲ್ಲಿಯೂ ಬರುವ ಪದ 'ಬೇರೆ'. ಅವರ ವಾದಕ್ಕೆ ಇದೇ ಆಧಾರಸ್ತಂಭ, ಏಕೆಂದರೆ ಇದು ದೇಶ್ಯ. ಮೊದಲ ವಾಕ್ಯದಲ್ಲಿ ಗ್ರೀಕ್ ಬರೆಹ 'ಬೆರೇ' ಎಂದಿದೆ. ಮೊದಲ ಸ್ವರ ಹ್ರಸ್ವ. ಎರಡನೆಯದರಲ್ಲಿ ಬಕಾರಕ್ಕೂ ರೇಫೆಗೂ ನಡುವೆ ಸ್ವರವೇ ಇಲ್ಲ, 'ಬ್ರೇತಿ' ಎಂದು ಮಾತ್ರ ಇದೆ. ಅಲ್ಲಿಗೆ ಸ್ವರವನ್ನು ವ್ಯಾಖ್ಯಾನಕಾರರೇ ತುಂಬಿದ್ದಾರೆ. ಹಳಗನ್ನಡದಲ್ಲಿ ಪ್ರತ್ಯೇಕವೆಂಬ ಅರ್ಥದ ಪದ 'ಬೇಱೆ', ದೀರ್ಘಸ್ವರ, ಶಕಟರೇಫೆ. ಕೂಡಿಸು, ಮಿಶ್ರಮಾಡು ಎಂಬ ಅರ್ಥದ ಧಾತು 'ಬೆರೆ', ಅದರ ಪ್ರೇರಣಾರ್ಥಕ 'ಬೆರಸು'. ಹ್ರಸ್ವಸ್ವರ, ಸಾಮಾನ್ಯ ರೇಫೆ. ಅಕ್ಷರವನ್ನೇ ನಂಬುವುದಾದರೆ ಪಾಠಕ್ಕೆ ಹತ್ತಿರವಾದುದು 'ಬೆರೆ', 'ಬೇಱೆ' ಅಲ್ಲ. ಒಂದರ ಅರ್ಥ ಕೂಡಿಸು, ಇನ್ನೊಂದರ ಅರ್ಥ ಅಗಲಿಸು. ಕಥೆಯ ಸಂದರ್ಭವೋ, ಮದ್ಯಕ್ಕೆ ನೀರು ಬೆರೆಸುವುದು ಬಿಡುವುದು. ರಾಜನು 'ಬೆರಸಿ ಕೊಡು' ಎಂದನೆಂದು ಹೇಳಿದರೂ ನಡೆಯುತ್ತದೆ, 'ಬೇರೆಯಾಗಿ ಕೊಡು' ಎಂದನೆಂದು ಹೇಳಿದರೂ ನಡೆಯುತ್ತದೆ! ಪರಸ್ಪರವಿರುದ್ಧವಾದ ಎರಡು ಅರ್ಥಗಳಿಗೆ ಒಂದೇ ಪಾಠ ಒಂದೇ ಸಮನಾಗಿ ಒಗ್ಗುತ್ತದೆಯೆಂದಾದರೆ, ಅದು ಎರಡರಲ್ಲಿ ಯಾವುದಕ್ಕೂ ಪ್ರಮಾಣವಾಗಲಾರದು. ನಮ್ಮ ಹಳೆಯ ಪ್ರತಿಗಳಲ್ಲಿಯೂ ಎಕಾರ ಏಕಾರಗಳಿಗೆ ಭೇದವಿಲ್ಲದಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಅಲ್ಲಿ ಛಂದಸ್ಸಿನ ಮಾತ್ರೆ ಕಾವಲಿಗಿರುತ್ತದೆ. ಶಕಟರೇಫೆಯ ಬರೆಹ ನೆರವಾಗುತ್ತದೆ. ಪ್ರಹಸನದ ಈ ಮಾತುಗಳಲ್ಲಿ ಎರಡೂ ಇಲ್ಲ. ತುಳುವಿನವರಿಗಂತೂ ಈ ಪದ ಇನ್ನೂ ಕಷ್ಟ, ಏಕೆಂದರೆ ಅವರಲ್ಲಿ ಪ್ರತ್ಯೇಕವೆಂಬುದಕ್ಕೆ ಇರುವ ಮಾತು 'ಬೇತೆ'.

ಇನ್ನು ಕ್ರಿಯಾರೂಪಗಳು. ಗ್ರೀಕ್ ಬರೆಹದ 'ಪಾಕ್ತೆಇ' ಎಂಬುದನ್ನು 'ಹಾಕಿ' ಎಂದು ಓದಲಾಗಿದೆ. ಪಕಾರ ಹಕಾರವಾದುದು ಶಾಸನಗಳಲ್ಲಿ ಕಾಣತೊಡಗುವುದು ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ. ಪ್ರಹಸನದಲ್ಲಿ ಪಕಾರವೇ ಇರುವುದು ಕನ್ನಡವಾದಿಗಳ ಪರವಾದ ಅಂಶವೆಂದು ನ್ಯಾಯವಾಗಿ ಒಪ್ಪಬೇಕು. ಆದರೆ ಈ ಧಾತುವಿನ ಹಳೆಯ ರೂಪ 'ಪಾಯ್ಕು'. ಅದು 'ಹಾಯ್ಕು' ಆಗಿ, ಬಳಿಕ 'ಹಾಕು' ಆಯಿತು. ಎರಡನೆಯ ಶತಮಾನದಲ್ಲಿ ಕೃದಂತಾವ್ಯಯ 'ಪಾಯ್ಕಿ' ಎಂದಿರಬೇಕು. ಪಾಠದಲ್ಲಿ ಯಕಾರವಿಲ್ಲ, ಇಲ್ಲದ ತಕಾರವೊಂದು ಬಂದು ಕುಳಿತಿದೆ. ಅದಕ್ಕೆ ಯಾರೂ ಗತಿ ಕಾಣಿಸಿಲ್ಲ.

'ಮನುಅಮ್' ಎಂಬುದನ್ನು 'ಮಧುವಂ' ಎಂಬ ದ್ವಿತೀಯಾ ವಿಭಕ್ತಿಯೆಂದು ಗ್ರಹಿಸಲಾಗಿದೆ. ಕವಿರಾಜಮಾರ್ಗದ ಕಾಲಕ್ಕೆ 'ಅಂ' ಪ್ರತ್ಯಯ ಸಹಜ. ಆದರೆ ಸುಮಾರು ಕ್ರಿ.ಶ. ೪೫೦ರ ಹಲ್ಮಿಡಿ ಶಾಸನದಲ್ಲಿ ನಾವು ಕಾಣುವ ದ್ವಿತೀಯಾರೂಪ 'ಅದಾನ್'; ಪ್ರತ್ಯಯ ದೀರ್ಘ, ಕೊನೆಯಲ್ಲಿ ನಕಾರ. ಅಲ್ಲಿನ ಆಖ್ಯಾತ 'ಕೊಟ್ಟಾರ್', ಮುಂದಿನ 'ಕೊಟ್ಟರ್' ಅಲ್ಲ. ಚಿಕ್ಕಬೆಟ್ಟದ ಏಳನೆಯ ಶತಮಾನದ ನಿಷಿಧಿಲೇಖಗಳಲ್ಲಿಯೂ 'ಮುಡಿಪ್ಪಿದಾರ್' ಎಂಬ ದೀರ್ಘಾಂತ್ಯ ಹೇರಳವಾಗಿದೆ. ಹಲ್ಮಿಡಿಗಿಂತ ಇನ್ನೂರೈವತ್ತು ಮುನ್ನೂರು ವರ್ಷ ಹಿಂದಿನ ಪಾಠದಲ್ಲಿ ಹಲ್ಮಿಡಿಗಿಂತ ಈಚಿನ ರೂಪ ಇದೆಯೆಂದು ಹೇಳುವವರು ಅದಕ್ಕೆ ಕಾರಣ ಕೊಡಬೇಕು. 'ಎತ್ತುವೆನು' ಎಂಬ ಉತ್ತಮಪುರುಷದ ಸ್ಥಿತಿಯೂ ಇದೇ. ಹಳಗನ್ನಡದ್ದು 'ಎತ್ತುವೆಂ', ಉಕಾರಾಂತವಾದ 'ಎನು' ನಡುಗನ್ನಡದ ಮುದ್ರೆ. ಗ್ರೀಕ್ ಬರೆಹದ ಕೊನೆಯಲ್ಲಿರುವುದಂತೂ ಇಕಾರ. 'ಕೊಂಚ'ವನ್ನು ಹೆಚ್ಚು ಚರ್ಚಿಸಬೇಕಾಗಿಲ್ಲ. ಪ್ರಾಚೀನ ಕೃತಿಗಳಲ್ಲಿ ಆ ಅರ್ಥಕ್ಕೆ ಸಹಜವಾಗಿ ಬರುವ ಮಾತುಗಳು 'ಕಿಱಿದು', 'ಇನಿಸು'.

ಇಲ್ಲಿ ಹುಲ್ಟ್ಷ್ ಅವರಿಗೂ ಶಾಮಶಾಸ್ತ್ರಿಗಳಿಗೂ ಅನ್ಯಾಯವಾಗಬಾರದು. ಹಲ್ಮಿಡಿ ಶಾಸನ ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದುದು ೧೯೩೬ರಲ್ಲಿ. ೧೯೦೪ರಲ್ಲಾಗಲಿ ೧೯೨೬ರಲ್ಲಾಗಲಿ ಐದನೆಯ ಶತಮಾನದ ಕನ್ನಡದ ಕ್ರಿಯಾರೂಪ ಹೇಗಿತ್ತೆಂದು ನೋಡಲು ಅವರ ಮುಂದೆ ಇಂತಹ ಶಿಲೆಯಿರಲಿಲ್ಲ. ತಮಗೆ ತಿಳಿದಿದ್ದ ಕನ್ನಡದಿಂದ ಅವರು ಓದಿದರು. ಅರ್ಥಶಾಸ್ತ್ರದಂತಹ ಗ್ರಂಥವನ್ನು ಓಲೆಗರಿಯಿಂದ ಬೆಳಕಿಗೆ ತಂದ ಶಾಸ್ತ್ರಿಗಳ ವಿದ್ವತ್ತನ್ನು ಪ್ರಶ್ನಿಸುವ ಎದೆ ನನಗಿಲ್ಲ. ಆಕ್ಷೇಪವಿರುವುದು, ಹಲ್ಮಿಡಿ ದೊರೆತ ಮೇಲೆಯೂ ಆ ಓದನ್ನು ಹಾಗೆಯೇ ಎತ್ತಿಕೊಂಡು ಬಂದ ನಮ್ಮ ಮೇಲೆ.

ಅರ್ಥನಿರ್ಣಯದಲ್ಲಿ ಇನ್ನೊಂದು ತೊಡಕು 'ಕಟ್ಟಿ'. ಕಟ್ಟು ಎಂದರೆ ಬಂಧಿಸು. ಇಲ್ಲಿ ಅದಕ್ಕೆ 'ಪಾತ್ರೆಯನ್ನು ಮುಚ್ಚಿ' ಎಂದು ಅರ್ಥಮಾಡಲಾಗಿದೆ. ಧಾತುವಿನ ಅರ್ಥ ವಿಸ್ತರಿಸುವುದು ಅಪೂರ್ವವೇನಲ್ಲ. ಚಿಕ್ಕಬೆಟ್ಟದ 'ಮುಡಿಪು' ಎಂಬ ಧಾತುವಿಗೆ ಮುಗಿಸು ಎಂಬುದೇ ಮೂಲಾರ್ಥ. ನೋಂತು ಮುಡಿಪಿದರು ಎಂದಾಗ ಸನ್ಯಸನದಿಂದ ದೇಹವನ್ನು ಬಿಟ್ಟರು ಎಂದಾಗುತ್ತದೆ. ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿಯೂ ಇಂತಹುದೇ ಒಂದು ಧಾತುವಿದೆ. ಅದರ ವ್ಯಂಜನಗಳು ಮಕಾರ, ನಕಾರ ಮತ್ತು ಒಂದು ದುರ್ಬಲ ಅಕ್ಷರ. ಮೂಲಾರ್ಥ, ದೋಣಿಯನ್ನು ದಡಕ್ಕೆ ತಂದು ಗೂಟಕ್ಕೆ ಬಿಗಿಯುವುದು. ನೈಲ್ ನದಿಯೇ ಬದುಕಾಗಿದ್ದ ಆ ಜನ ಮರಣವನ್ನು ದಡಸೇರುವಿಕೆಯೆಂದೇ ಹೇಳಿದರು. ಸಂಸಾರವನ್ನು ದಾಟಬೇಕಾದ ಹೊಳೆಯೆಂದು ಬಗೆದು ದಾಟಿಸುವವನನ್ನು ತೀರ್ಥಂಕರನೆಂದು ಕರೆದ ನಮಗೆ ಅದು ಅಪರಿಚಿತವಾಗಿ ತೋರುವುದಿಲ್ಲ. ಆದರೆ ಈ ಎರಡೂ ಅರ್ಥಗಳನ್ನು ವಿದ್ವಾಂಸರು ಊಹೆಯಿಂದ ಪಡೆದದ್ದಲ್ಲ. ಒಂದು ಬೆಟ್ಟದ ತುಂಬ ಬಂಡೆಗಳ ಮೇಲೆ, ಒಂದೇ ಸಂದರ್ಭದಲ್ಲಿ, ಮತ್ತೆ ಮತ್ತೆ ಬಂದುದರಿಂದ ಮುಡಿಪಿನ ಅರ್ಥ ಸಿದ್ಧವಾಯಿತು. ಅಲ್ಲಿಯೂ ಗೋರಿಬರೆಹಗಳಲ್ಲಿಯೂ ಕಥೆಗಳಲ್ಲಿಯೂ ಪದ ಮರಳಿ ಮರಳಿ ಬಂದುದರಿಂದ ಅರ್ಥ ಸಿದ್ಧವಾಯಿತು. ಪ್ರಹಸನದ ಕಟ್ಟಿ ಒಂಟಿ. ಅದಕ್ಕೆ ಸಾಕ್ಷಿ ಹೇಳುವ ಇನ್ನೊಂದು 'ಕಟ್ಟಿ' ಆ ಹಾಳೆಯಲ್ಲಿಲ್ಲ.

ಈಜಿಪ್ಟಿನ ಭಾಷೆಯ ಕ್ರಿಯಾಪದಗಳನ್ನು ವಿದ್ವಾಂಸರು ಬಿಡಿಸಿದ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆನಿಸುತ್ತದೆ; ಪಾಠಸಂಪಾದಕನಿಗೆ ಅದರಷ್ಟು ಉಪಯುಕ್ತವಾದ ನಿದರ್ಶನ ಬೇರೆ ಸಿಕ್ಕುವುದು ಕಷ್ಟ. ಆ ಚಿತ್ರಲಿಪಿ ಸ್ವರಗಳನ್ನು ಬರೆಯುವುದಿಲ್ಲ. ಕೇಳು ಎಂಬ ಧಾತುವಿನ ಮೂರು ವ್ಯಂಜನಗಳು, ಅದರ ಮುಂದೆ 'ಅವನು' ಎಂಬುದರ ಒಂದು ವ್ಯಂಜನ, ಇಷ್ಟೇ ಬರೆಹ. ಇದನ್ನು 'ಅವನು ಕೇಳುತ್ತಾನೆ' ಎಂದೂ 'ಅವನು ಕೇಳಲಿ' ಎಂದೂ 'ಅವನು ಕೇಳುತ್ತಿರುವಾಗ' ಎಂದೂ ಓದಲು ಬರುತ್ತದೆ. ಆಡುಮಾತಿನಲ್ಲಿ ಸ್ವರಭೇದದಿಂದ ಬೇರೆಯಾಗಿದ್ದ ರೂಪಗಳೆಲ್ಲ ಬರೆಹದಲ್ಲಿ ಒಂದಾದವು. ೧೮೨೨ರಲ್ಲಿ ಶಾಂಪೊಲಿಯನ್ ಲಿಪಿಯನ್ನು ಬಿಡಿಸಿದ ಮೇಲೆಯೂ ಈ ಗಂಟು ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ದಾರಿ ತೋರಿದ್ದು ದುರ್ಬಲ ಧಾತುಗಳು. ಕೊನೆಯ ವ್ಯಂಜನ ದುರ್ಬಲವಾಗಿರುವ, ಪ್ರೀತಿಸು ಎಂಬಂತಹ ಧಾತುಗಳಲ್ಲಿ ಕೆಲವು ಕಡೆ ರೇಫೆ ಒಮ್ಮೆ, ಕೆಲವು ಕಡೆ ಎರಡು ಸಾರಿ ಬರುತ್ತಿತ್ತು. ಯಾವ ವಾಕ್ಯಸ್ಥಾನದಲ್ಲಿ ಅದು ಇಮ್ಮಡಿಯಾಗುತ್ತದೆ, ಯಾವುದರಲ್ಲಿ ಇಲ್ಲ ಎಂದು ನೂರಾರು ಪ್ರಯೋಗಗಳನ್ನು ಪಟ್ಟಿಮಾಡಿ, ಅದೇ ಸ್ಥಾನದಲ್ಲಿ ಬರುವ ಸಬಲ ಧಾತುಗಳಲ್ಲಿಯೂ ಬರೆಹಕ್ಕೆ ಕಾಣದ ಆ ಭೇದವಿತ್ತೆಂದು ಅನುಮಾನಿಸಿದರು. ಬಳಿಕ ಪೊಲೊಟ್ಸ್ಕಿ ಎಂಬ ವಿದ್ವಾಂಸರು ೧೯೪೪ರಲ್ಲಿ ಕಾಪ್ಟಿಕ್ ವಾಕ್ಯರಚನೆಯನ್ನು ಕುರಿತು ಬರೆದ ಗ್ರಂಥದಲ್ಲಿ, ವಾಕ್ಯದ ಒತ್ತು ಕ್ರಿಯೆಯ ಮೇಲಿಲ್ಲದೆ ಸ್ಥಳ, ಕಾಲ, ರೀತಿಗಳನ್ನು ಹೇಳುವ ಪದದ ಮೇಲೆ ಬೀಳುವಾಗ ಬರುವ ವಿಶೇಷ ರೂಪಗಳನ್ನು ಗುರುತಿಸಿ, ಅದರ ಬೆಳಕನ್ನು ಹಳೆಯ ಭಾಷೆಯ ಮೇಲೂ ಹಾಯಿಸಿದರು. ಅವರ ಸಿದ್ಧಾಂತಕ್ಕೆ ಮುಂದಿನ ದಶಕಗಳಲ್ಲಿ ಬಹಳ ತಿದ್ದುಪಡಿಗಳಾದವು. ಆದರೆ ಒಂಟಿರೂಪಕ್ಕೆ ಅರ್ಥ ಹೇಳದೆ, ರೂಪಗಳ ಸಾಲನ್ನು ಮೊದಲು ನಿಲ್ಲಿಸಬೇಕೆಂಬ ಕ್ರಮ ಬದಲಾಗಲಿಲ್ಲ. ನಮ್ಮ ಪ್ರಹಸನದಲ್ಲಿ ಸಾಲು ನಿಲ್ಲಿಸುವಷ್ಟು ರೂಪಗಳೇ ಇಲ್ಲ.

ಹಾಗಾದರೆ ಊಹಾಪಾಠಕ್ಕೆ ಸ್ಥಾನವೇ ಇಲ್ಲವೆ? ಇದೆ, ಅದಕ್ಕೆ ನಮ್ಮ ಮನೆಯ ಉದಾಹರಣೆಯೇ ಉಂಟು. ಮೂಡಬಿದಿರೆಯ ಷಟ್ಖಂಡಾಗಮದ ಪ್ರತಿಗಳು ಪ್ರಾಕೃತಭಾಷೆಯವು, ಹಳಗನ್ನಡ ಲಿಪಿಯವು. ಒಂದು ಭಾಷೆಯನ್ನು ಇನ್ನೊಂದರ ಅಕ್ಷರಗಳಲ್ಲಿ ಇರಿಸಿದ ಗ್ರಂಥ. ಹೀರಾಲಾಲ ಜೈನರು ೧೯೩೯ರಲ್ಲಿ ಧವಲಾಟೀಕೆಯೊಡನೆ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿದೆಯೆಂದು ಅವರಿಗೆ ತೋರಿತು. ವೀರಸೇನರ ಟೀಕೆ ಆ ಪದವನ್ನು ಬೇಡುತ್ತಿತ್ತು. ಮುಂದಿನ ಪ್ರಕರಣಗಳ ನಿರೂಪಣೆಯೂ ಬೇಡುತ್ತಿತ್ತು. ಒಂದು ಪದ ಸೇರಿತೆಂದರೆ ದ್ರವ್ಯಸ್ತ್ರೀ-ಭಾವಸ್ತ್ರೀ ವಿಚಾರವೆಲ್ಲ ಎದ್ದು ನಿಲ್ಲುವುದರಿಂದ ಪಂಡಿತಲೋಕದಲ್ಲಿ ದೊಡ್ಡ ವಾದವೇ ನಡೆಯಿತು. ಮೂಡಬಿದಿರೆಯ ತಾಡವಾಲೆಗಳನ್ನು ನೋಡಿದಾಗ ಆ ಪದ ಅಲ್ಲಿತ್ತು. ಆ ಊಹೆ ಗೆದ್ದುದಕ್ಕೆ ಕಾರಣಗಳು ಮೂರು: ಭಾಷೆ ಯಾವುದೆಂಬುದು ಮೊದಲೇ ತಿಳಿದಿತ್ತು, ಪದ ಬೇಕೆಂದು ಹೇಳುವ ಟೀಕೆ ಮಗ್ಗುಲಲ್ಲೇ ಇತ್ತು, ಪರೀಕ್ಷೆಗೆ ಮೂಲಪ್ರತಿ ಇತ್ತು. ಪ್ರಹಸನದಲ್ಲಿ ಊಹೆಯಿಂದ ಪದಗಳನ್ನು ತಿದ್ದಿ, ತಿದ್ದಿದ ಪದಗಳಿಂದ ಭಾಷೆಯನ್ನು ಸಾಧಿಸಿ, ಸಾಧಿಸಿದ ಭಾಷೆಯಿಂದ ಮತ್ತೆ ತಿದ್ದುಪಡಿಯನ್ನು ಸಮರ್ಥಿಸಲಾಗಿದೆ. ತರ್ಕದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯವೆಂದು ಹೆಸರು.

ಆ ಮಾತುಗಳು ಯಾವ ಭಾಷೆಯೂ ಅಲ್ಲದಿರಬಹುದೆಂಬ ಸಾಧ್ಯತೆಯೂ ಇದೆ. ಹಾಳೆಯಲ್ಲಿ ನಡುನಡುವೆ ತಮಟೆ ಬಾರಿಸಲು ಸೂಚನೆಗಳಿವೆ. ಇದು ನಟರ ಪ್ರತಿ. ಪರಕೀಯರ ಮಾತನ್ನು ಗಲಭೆಯ ಸದ್ದಾಗಿಸಿ ಪ್ರೇಕ್ಷಕರನ್ನು ನಗಿಸುವುದು ಗ್ರೀಕರಲ್ಲಿ ಹೊಸದಲ್ಲ. ಕ್ರಿ.ಪೂ. ೪೨೫ರ ಅರಿಸ್ಟೋಫನೀಸನ ಪ್ರಹಸನದಲ್ಲಿ ಪರ್ಷಿಯದ ದೂತನೊಬ್ಬನು ಆಡುವ ಮಾತು ನಿಜವಾದ ಪರ್ಷಿಯನ್ನೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಇದಕ್ಕೆ ಎದುರಾಗಿ, ರೋಮಿನ ಪ್ಲಾಟಸ್ ಕವಿ ಕಾರ್ಥೇಜಿನ ವರ್ತಕನೊಬ್ಬನ ಬಾಯಲ್ಲಿ ಇಟ್ಟ ಪ್ಯೂನಿಕ್ ಮಾತು ನಿಜವಾದ ಪ್ಯೂನಿಕ್ಕೇ. ಲಿಪಿಕಾರರು ಅದನ್ನು ಬಹಳ ಕೆಡಿಸಿದ್ದರೂ ಬಿಡಿಸಲು ಸಾಧ್ಯವಾಯಿತು. ಏಕೆಂದರೆ ಅದರ ಲ್ಯಾಟಿನ್ ಅನುವಾದ ಅಲ್ಲಿಯೇ ಇದೆ, ಆ ಭಾಷೆಯ ಕ್ರಿಯಾರೂಪಗಳು ಸಮಕಾಲೀನ ಶಾಸನಗಳಲ್ಲಿ ಸಿಗುತ್ತವೆ.

ಅರ್ಥವರಿಯದ ಅಕ್ಷರಗಳನ್ನು ಬರೆಯುವವನ ಮನಃಸ್ಥಿತಿಯನ್ನು ಊಹಿಸಲು ನಮ್ಮ ಊರಿನ ಅಧಿದೇವತೆಯ ಗ್ರಂಥವೇ ಸಾಕು. ಇಂದ್ರನಂದಿಯು ಶಕ ೮೬೧ರಲ್ಲಿ, ಎಂದರೆ ಕ್ರಿ.ಶ. ೯೩೯ರಲ್ಲಿ, ಮಾನ್ಯಖೇಟದಲ್ಲಿ ಮುಗಿಸಿದ ಜ್ವಾಲಾಮಾಲಿನೀಕಲ್ಪದಲ್ಲಿ ಬೀಜಾಕ್ಷರಗಳು ಬರುತ್ತವೆ. ಅವನ್ನು ಪ್ರತಿಮಾಡುವವನಿಗೆ ಅರ್ಥ ಬೇಕಾಗಿಲ್ಲ. ಆದರೆ ಒಂದು ಬಿಂದು ತಪ್ಪಿದರೆ ಮಂತ್ರ ಕೆಟ್ಟಿತೆಂಬ ಭಯವಿರುತ್ತದೆ. ಆ ಭಯವೇ ಪಾಠವನ್ನು ಕಾಯುತ್ತದೆ. ಪ್ರಹಸನದ ನಟನಿಗೆ ಅಂತಹ ಭಯವೆಲ್ಲಿಯದು? ರಂಗದ ಮೇಲೆ ನಗು ಬಂದರೆ ಅಕ್ಷರ ಸರಿಯಾಗಿಯೇ ಇತ್ತೆಂದು ಲೆಕ್ಕ. ಆದುದರಿಂದ ಮೂಲದಲ್ಲಿ ನಿಜವಾದ ಭಾರತೀಯ ಮಾತು ಇದ್ದಿರಬಹುದಾದರೂ, ಅದು ಈ ಪ್ರತಿಯವರೆಗೆ ಅವಿಕೃತವಾಗಿ ಬಂದಿತೆಂದು ನಂಬಲು ಆಧಾರವಿಲ್ಲ.

ದಕ್ಷಿಣ ಭಾರತದವರು ಈಜಿಪ್ಟಿಗೆ ಹೋಗಿದ್ದರೆಂಬುದಕ್ಕೆ ಈ ಪ್ರಹಸನದ ಹಂಗು ಬೇಕಾಗಿಯೂ ಇಲ್ಲ. ಕೆಂಪು ಸಮುದ್ರದ ದಡದ ಕುಸೈರ್ ಅಲ್ ಕದೀಮ್ ಎಂಬಲ್ಲಿ ಕಣನ್, ಸಾತನ್ ಎಂಬ ಹೆಸರುಗಳನ್ನು ತಮಿಳುಬ್ರಾಹ್ಮಿಯಲ್ಲಿ ಕೊರೆದ ಬೋಕಿಬಿಲ್ಲೆಗಳು ದೊರೆತಿವೆ. ಅಲ್ಲಿಯೇ ಸಿಕ್ಕ ಇನ್ನೊಂದು ಚೂರಿನಲ್ಲಿ, ನೆಲುವಿನಲ್ಲಿ ತೂಗುಹಾಕುವ ಮಡಕೆಯೆಂಬ ಅರ್ಥದ 'ಪಾನೈ ಒಱಿ' ಎಂಬ ಪದಗಳಿವೆ. ಪ್ರಾಕೃತದಲ್ಲಿ ಬರೆದ ಚೂರೂ ಅಲ್ಲಿ ಸಿಕ್ಕಿದೆ. ಇವುಗಳ ವಿಷಯದಲ್ಲಿ ವಿವಾದವಿಲ್ಲ. ಏಕೆಂದರೆ ಬರೆದವರು ತಮ್ಮ ಭಾಷೆಯನ್ನು ತಮ್ಮ ಲಿಪಿಯಲ್ಲಿ ತಮ್ಮ ಕೆಲಸಕ್ಕೆ ಬರೆದುಕೊಂಡರು. ಕನ್ನಡಕ್ಕೆ ೨೦೦೮ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತ ಮೇಲೆಯೂ ನಾವು ಎರಡು ಸಂದಿಗ್ಧ ವಾಕ್ಯಗಳನ್ನು ಹಿರಿಮೆಯ ಪ್ರಮಾಣವಾಗಿ ಹಿಡಿದುಕೊಂಡಿರುವುದು ಹಲ್ಮಿಡಿಗೂ ಚಿಕ್ಕಬೆಟ್ಟಕ್ಕೂ ಗೌರವ ತರುವುದಿಲ್ಲ. ಟಾಲೆಮಿಯ ಬನವಾಸಿ ಅದೇ ಶತಮಾನದ್ದು, ಅದೇ ಈಜಿಪ್ಟಿನದು. ಅದನ್ನು ಯಾರೂ ತಿದ್ದಬೇಕಾಗಿಲ್ಲ.

ಮುಂದೆ ಈ ಪಾಠವನ್ನು ಕೈಗೆತ್ತಿಕೊಳ್ಳುವವರಿಗೆ ಒಂದು ಸೂಚನೆ. ಪ್ರಹಸನದಲ್ಲಿ ಒಂದೆರಡು ಕಡೆ ರಾಜನ ಜನ ಏನೋ ಹೇಳಿದಾಗ ಒಬ್ಬ ಗ್ರೀಕನು 'ಏನೆನ್ನುತ್ತಾರೆ' ಎಂದು ಕೇಳುತ್ತಾನೆ. ಇನ್ನೊಬ್ಬನು ಉತ್ತರ ಹೇಳುತ್ತಾನೆ. ಒಂದು ಕಡೆ, ಬೇಗ ಕುಡಿಯಲು ಕೊಡಬೇಕಂತೆ ಎಂಬ ಉತ್ತರ. ಇನ್ನೊಂದು ಕಡೆ, ಪಾಲುಗಳಿಗೆ ಚೀಟಿಯೆತ್ತಬೇಕಂತೆ ಎಂಬ ಉತ್ತರ. ಕವಿಯೇ ಕೊಟ್ಟ ಟೀಕೆ ಇದು. ನಾವು ಮಾತ್ರ ಟೀಕೆಯಿಲ್ಲದ ವಾಕ್ಯಗಳನ್ನೇ ಆಯ್ದು ಮುದ್ರಿಸುತ್ತ ಬಂದಿದ್ದೇವೆ. ಕನ್ನಡವೆನ್ನುವವರಾಗಲಿ ತುಳುವೆನ್ನುವವರಾಗಲಿ ಮೊದಲು ಹಾಳೆಯ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು, ಅಕ್ಷರಗಳನ್ನು ಇದ್ದಂತೆಯೇ ಬರೆದುಕೊಂಡು, ಟೀಕೆಯಿರುವ ಆ ಸ್ಥಳಗಳಲ್ಲಿ ಕೊಡು ಎಂಬುದಕ್ಕೂ ಎತ್ತು ಎಂಬುದಕ್ಕೂ ಯಾವ ಧಾತು, ಯಾವ ಪ್ರತ್ಯಯ ಇದೆಯೆಂದು ತೋರಿಸಲಿ. ಸಿಂಹನಗದ್ದೆಯ ಪಂಡಿತರಿಗೆ ನಾನು ಇನ್ನೂ ಉತ್ತರ ಹೇಳಿಲ್ಲ. ಆ ಪಟ್ಟಿ ಸಿದ್ಧವಾದ ದಿನ ಹೇಳುತ್ತೇನೆ.